ದಿವಾನರ ಕಾಳು ಒಣಗಿಸಿದ್ದು

ತೇವ ಎಂಬ ಶತ್ರು ಈ ಭೂಮಂಡಲದಲ್ಲಿ ಯಾರಿಗಾದರೂ ಹೆದರುತ್ತದೆ ಎಂದರೆ ಅದು ನನಗೆ! ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನಾನು ಕಾಗದದ ಕಂಪನಿಯೊಂದರ ಗೋದಾಮಿನ ಮೇಲ್ವಿಚಾರಕ. ಕಾಗದಕ್ಕೆ ತೇವ ತಗುಲಿದರೆ ಇಡೀ ಕಟ್ಟೇ ಎಲೆಕೋಸಿನಂತೆ ಉಬ್ಬಿ ರದ್ದಿಗೆ ಹೋಗುತ್ತದೆ. ನಾನು ಆ ಕುರ್ಚಿಯಲ್ಲಿ ಕೂತ ಮೇಲೆ ಒಂದೇ ಒಂದು ಹಾಳೆ ಸುಕ್ಕುಗಟ್ಟಿಲ್ಲ. ಗೋಡೆಗೆ ಅಂಗೈ ಇಟ್ಟರೆ ಸಾಕು, ಒಳಗೆ ನೀರು ಎಲ್ಲಿ ಜಿನುಗುತ್ತಿದೆ ಎಂದು ಕರಾರುವಾಕ್ಕಾಗಿ ಹೇಳಬಲ್ಲೆ. ಸಹೋದ್ಯೋಗಿಗಳು ನನ್ನ ಬೆನ್ನ ಹಿಂದೆ ನನ್ನನ್ನು ‘ಒಣಮುಖ’ ಎಂದು ಕರೆಯುತ್ತಾರಂತೆ. ಅದನ್ನು ನಾನು ಬಿರುದು ಎಂದೇ ಭಾವಿಸಿದ್ದೇನೆ.

ಇಂಥ ನನ್ನ ಮನೆಯಲ್ಲಿ, ನನ್ನದೇ ಸೂರಿನ ಕೆಳಗೆ, ನಾಯಿಯ ಊಟಕ್ಕೆ ಬೂಷ್ಟು ಹಿಡಿಯಿತು ಎಂದರೆ ಹೇಗಾಗಬೇಡ!

ನಮ್ಮ ನಾಯಿಯ ಹೆಸರು ದಿವಾನ. ಹೆಸರಿಟ್ಟವಳು ಹೆಂಡತಿ, ಬಹುವಚನ ಸೇರಿಸಿದವನು ನಾನು. ಸೇರಿಸದೆ ಇರಲು ಆಗುತ್ತಿರಲಿಲ್ಲ. ದಪ್ಪ ಕತ್ತು, ಗಂಟಿಕ್ಕಿದ ಹುಬ್ಬು, ಯಾರು ಕರೆದರೂ ‘ಅರ್ಜಿ ಅಲ್ಲಿಟ್ಟು ಹೋಗಿ’ ಎನ್ನುವ ನೋಟ. ದಿವಾನರು ತಿನ್ನುವುದು ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಒಣ ಆಹಾರ. ಗುಂಡಗಿನ, ಕಂದು ಬಣ್ಣದ ಆ ಬಿಲ್ಲೆಗಳಿಗೆ ನಮ್ಮ ಮನೆಯಲ್ಲಿ ‘ಕಾಳು’ ಎಂದು ಹೆಸರು. ಕಾಳು ತುಂಬಿದ ಬಟ್ಟಲನ್ನು ಯಾರು ಮುಂದಿಡುತ್ತಾರೋ ಅವರ ಕಾಲಬುಡದಲ್ಲಿ ಮಲಗುವುದು, ಅವರು ಕೂತಾಗ ತೊಡೆಯ ಮೇಲೆ ತಲೆ ಇಡುವುದು, ಮಿಕ್ಕವರನ್ನು ಮೇಜು ಕುರ್ಚಿಗಳ ಲೆಕ್ಕಕ್ಕೆ ಸೇರಿಸುವುದು, ಇದು ದಿವಾನರ ರಾಜನೀತಿ.

ಬಟ್ಟಲು ಮೊದಲಿನಿಂದ ಹೆಂಡತಿಯ ಕೈಯಲ್ಲಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಅವಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ದಿನವಿಡೀ ಮನೆಯಲ್ಲೇ ಇರುವವಳು, ಹಾಗಾಗಿ ಊಟ ಹಾಕುವವಳೂ ಅವಳೇ. ಸಂಜೆ ನಾನು ಗೋದಾಮಿನಿಂದ ಬಂದು ಸೋಫಾದ ಈ ತುದಿಯಲ್ಲಿ ಕೂರುತ್ತಿದ್ದೆ. ಆ ತುದಿಯಲ್ಲಿ ಅವಳು, ಅವಳ ತೊಡೆಯ ಮೇಲೆ ದಿವಾನರ ತಲೆ. ಒಂದು ಸಲವಾದರೂ ಆ ತಲೆ ಈ ಕಡೆ ಬರಬಾರದೇ ಎಂದು ನಾನು ಆಸೆಪಟ್ಟಷ್ಟು ಬಡ್ತಿಗೂ ಆಸೆಪಟ್ಟಿಲ್ಲ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ನಗಬೇಡಿ.

ಹೀಗಿರುವಾಗ ಒಂದು ದಿನ ದಿವಾನರು ವಾಂತಿ ಮಾಡಿಕೊಂಡರು. ನೋಡಿದರೆ, ಹೆಂಡತಿ ಕಾಳಿನ ಚೀಲವನ್ನು ಪಾರ್ಲರಿನಲ್ಲಿ ತಲೆ ತೊಳೆಯುವ ಬೇಸಿನ್ನಿನ ಪಕ್ಕದಲ್ಲೇ ಬಾಯಿ ತೆರೆದು ಇಟ್ಟಿದ್ದಾಳೆ. ಬಿಸಿನೀರಿನ ಆವಿಯೆಲ್ಲ ಒಳಗೆ ಹೋಗಿ ಕಾಳಿನ ಮೇಲೆ ಬೂದಿ ಬಣ್ಣದ ನವಿರಾದ ತುಪ್ಪಳ! ನಾಯಿ ಡಾಕ್ಟರು ಔಷಧ ಕೊಟ್ಟು, ಭಯವಿಲ್ಲ ಎಂದರು. ಬೂಷ್ಟು ಬಂದ ಚೀಲವನ್ನು ಪೂರ್ತಿ ಎಸೆಯಿರಿ, ಆರಿಸಿ ಹಾಕುವ ಬುದ್ಧಿವಂತಿಕೆ ಬೇಡ, ಕಣ್ಣಿಗೆ ಕಾಣದ ಕಡೆಯೂ ವಿಷ ಇರುತ್ತದೆ, ಮುಂದೆ ತೇವ ತಾಕದ ಹಾಗೆ ನೋಡಿಕೊಳ್ಳಿ ಎಂದರು. ಆಮೇಲೂ ಏನೇನೋ ಹೇಳುತ್ತಿದ್ದರು. ‘ತೇವ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮಿಕ್ಕಿದ್ದೊಂದೂ ಕೇಳಿಸಲಿಲ್ಲ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು!

ಮನೆಗೆ ಬಂದವನೇ ಎದೆ ಸೆಟೆಸಿ, ತೇವದ ವಿಷಯವನ್ನು ತೇವ ಬಲ್ಲವರಿಗೆ ಬಿಡಬೇಕು, ಇನ್ನು ಮೇಲೆ ಕಾಳು ಮತ್ತು ಬಟ್ಟಲು ಎರಡೂ ನನ್ನ ಸುಪರ್ದಿನಲ್ಲಿರಲಿ ಎಂದೆ. ಹೆಂಡತಿ ತಪ್ಪು ತನ್ನದೇ ಎಂದು ಮೊದಲೇ ಮುಖ ಸಣ್ಣ ಮಾಡಿಕೊಂಡಿದ್ದಳು.

“ಇಟ್ಕೊಳ್ಳಿ,” ಎಂದಳು. “ಆದ್ರೆ ಇನ್ನೊಂದ್ಸಲ ಬೂಷ್ಟು ಕಂಡ್ರೆ ಬಟ್ಟಲು ವಾಪಸ್ ನನಗೆ. ಆಮೇಲೆ ಗೋದಾಮು ಗೀದಾಮು ಅಂತ ಕಥೆ ಹೇಳೋ ಹಾಗಿಲ್ಲ.”

“ನನ್ನ ಕೈಲಿ ಬೂಷ್ಟಾ? ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ದಿನ ಕೇಳು!”

ಮಾರನೆಯ ದಿನವೇ ಇರುವುದರಲ್ಲೆಲ್ಲ ದೊಡ್ಡ ಚೀಲ ತಂದೆ. ಅಂಗಡಿಯವನಿಗೂ ನನಗೂ ಸೇರಿ ಎತ್ತಲು ಉಸಿರು ಕಟ್ಟಿತು. ಒಂದು ನಾಯಿಗೆ ಇಷ್ಟು ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, ದಾಸ್ತಾನು ಎಂಬುದು ಚಿಲ್ಲರೆ ಜನಕ್ಕೆ ಅರ್ಥವಾಗುವುದಿಲ್ಲ ಎಂದೆ. ಜೊತೆಗೆ ಉದ್ದನೆಯ ಸ್ಟೀಲ್ ಡ್ರಮ್ಮೊಂದನ್ನು ತಂದು, ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಟವೆಲ್ಲಿನಿಂದ ಒರೆಸಿದೆ. ಮುಖ ಕಾಣುವಷ್ಟು ಹೊಳೆಯಿತು! ಹೊಳೆಯುವ ಪಾತ್ರೆ ಒಣಗಿದ ಪಾತ್ರೆ ಎಂದು ನಂಬಿ ಕಾಳನ್ನೆಲ್ಲ ಒಳಗೆ ಸುರಿದೆ. ಕಂಪನಿಯವರು ಕಾಳನ್ನು ತುಂಬಿದ್ದ ದಪ್ಪ ಚೀಲವನ್ನು ಮಡಚಿ ಕಸದ ಡಬ್ಬಿಗೆ ಹಾಕಿದೆ.

ದಿವಾನರು ರಾಜನೀತಿಯಲ್ಲಿ ಪಕ್ಕಾ. ಬಟ್ಟಲು ಕೈ ಬದಲಾದ ಸಂಜೆಯೇ ಸೋಫಾದ ಆ ತುದಿಯನ್ನು ಒಮ್ಮೆ ನೋಡಿದರು, ಈ ತುದಿಯನ್ನು ಒಮ್ಮೆ ನೋಡಿದರು, ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟರು. ಆಹಾ, ಆ ಭಾರ! ಕಾಲು ಜೋಮು ಹಿಡಿದರೂ ಅಲುಗದೆ ಕೂತಿದ್ದೆ. ನೀರು ಕುಡಿಯಲೂ ಏಳಲಿಲ್ಲ. ಹೆಂಡತಿ ಟೀವಿಯ ಸದ್ದು ಹೆಚ್ಚಿಸಿದಳು.

ಸುಖ ಹೆಚ್ಚಾದರೆ ಮನುಷ್ಯ ಮೆರೆಯುತ್ತಾನೆ. ಹಾಲು ಹಾಕುವವರಿಂದ ಹಿಡಿದು ಮೀಟರ್ ನೋಡಲು ಬಂದವರವರೆಗೆ ಎಲ್ಲರನ್ನೂ ಕರೆದು, ಡ್ರಮ್ಮಿನ ಮುಚ್ಚಳ ತೆಗೆದು, ‘ನೋಡಿ ಸ್ವಾಮಿ, ಇದು ದಾಸ್ತಾನು’ ಎಂದು ತೋರಿಸತೊಡಗಿದೆ. ಬೆಳಿಗ್ಗೆ ಒಂದು ತಪಾಸಣೆ, ಸಂಜೆ ಒಂದು ತಪಾಸಣೆ. ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದು ಒದ್ದೆ ಕೈಯಲ್ಲೇ ಮೊಗೆದು ಹಾಕಿದ ದಿನಗಳೂ ಉಂಟು. ಹೊರಗೆ ಮೋಡ ಕವಿದ ಹವೆ, ಒಳಗೆ ಪಾರ್ಲರಿನ ಆವಿ. ನಾನು ಮುಚ್ಚಳ ತೆಗೆದಾಗಲೆಲ್ಲ ತೇವ ಒಳಗೆ ಇಳಿಯುತ್ತಿತ್ತು ಎಂದು ಆಗ ಹೊಳೆಯಲಿಲ್ಲ.

ಒಂದು ರಜೆಯ ಬೆಳಿಗ್ಗೆ ಬಟ್ಟಲಿಗೆ ಕಾಳು ಸುರಿದೆ. ಗಲಗಲ ಎನ್ನಬೇಕಾದ ಕಾಳು ಸದ್ದೇ ಮಾಡಲಿಲ್ಲ. ಒಂದನ್ನು ಹಿಸುಕಿದರೆ ಬೆರಳಿನ ಗುರುತು ಮೂಡಿತು! ಬೂಷ್ಟು ಬಂದಿರಲಿಲ್ಲ, ಬರೀ ಮೆತ್ತಗಾಗಿತ್ತು. ಕನಿಷ್ಠ ಮೇಲಿನ ಅರ್ಧವಂತೂ ಹಾಗಿತ್ತು. ತಳದವರೆಗೆ ಕೈ ಹಾಕಿ ನೋಡಲು ನನಗೆ ಧೈರ್ಯ ಬರಲಿಲ್ಲ. ಬಟ್ಟಲಿನ ಕಾಳನ್ನು ವಾಪಸ್ ಡ್ರಮ್ಮಿಗೆ ಹಾಕಿ, ದಿವಾನರಿಗೆ ಬೇಯಿಸಿದ ಮೊಟ್ಟೆ ಕೊಟ್ಟು ಸಮಾಧಾನ ಮಾಡಿದೆ. ಹೆಂಡತಿಗೆ ತಿಳಿಯುವ ಮೊದಲು ಒಣಗಿಸಬೇಕು, ಇಲ್ಲವಾದರೆ ಬಟ್ಟಲು ಹೋಯಿತು, ಬಟ್ಟಲಿನ ಹಿಂದೆ ಆ ತಲೆಯೂ ಹೋಯಿತು!

ಅದೃಷ್ಟಕ್ಕೆ ಅವಳು ಆಗಷ್ಟೇ ಹೊರಟಳು. ಅವಳಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಮುಖ್ಯೋಪಾಧ್ಯಾಯಿನಿ, ಊರೆಲ್ಲ ‘ದೊಡ್ಡ ಮೇಡಂ’ ಎಂದು ಕರೆಯುವವರು, ಆ ದಿನ ನಿವೃತ್ತರಾಗುತ್ತಿದ್ದರು. ಎರಡು ಬೀದಿ ಆಚೆಯ ಶಾಲೆಯಲ್ಲಿ ಮಧ್ಯಾಹ್ನ ಬೀಳ್ಕೊಡುಗೆ. ಅವರ ತಲೆಗೂದಲು ಸಿಂಗರಿಸುವ ಕೆಲಸ ನನ್ನ ಹೆಂಡತಿಯದು. ಇವತ್ತಿಗೂ ಅವರ ಹೆಸರು ಕೇಳಿದರೆ ಅವಳು ಉಗುರು ಕಚ್ಚುವುದನ್ನು ನಿಲ್ಲಿಸುತ್ತಾಳೆ. ಮೇಡಂ ಅವರನ್ನು ಮನೆಯಿಂದ ತಾನೇ ಕರೆದುಕೊಂಡು ಬರುತ್ತೇನೆ, ಪಾರ್ಲರ್ ಗುಡಿಸಿ ಇಟ್ಟಿರಿ ಎಂದು ಹೇಳಿ ಹೋದಳು.

ಮೇಲಿನ ಅರ್ಧದ ಕಾಳನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಮಹಡಿಯ ಮೇಲೆ ಹರಡಿದೆ. ಬಿಸಿಲಿನ ಸುಳಿವಿಲ್ಲ. ಕಾಗೆಯೊಂದು ಬಂದು ಒಂದು ಕಾಳು ತಿಂದು ರುಚಿ ನೋಡಿ ಬಂಧುಬಳಗಕ್ಕೆಲ್ಲ ಹೇಳಿ ಕಳಿಸಿತು. ಪೊರಕೆ ಬೀಸಿ ಬೀಸಿ ತೋಳು ನೋವು ಬಂತೇ ಹೊರತು ಒಂದು ಕಾಳೂ ಒಣಗಲಿಲ್ಲ. ಗಂಟು ಹೊತ್ತು ಕೆಳಗಿಳಿದೆ. ಪಾರ್ಲರಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ಕಣ್ಣಿಗೆ ಬಿತ್ತು ನೋಡಿ, ಅದು!

ಪಾರ್ಲರಿನಲ್ಲಿ ಕೂದಲು ಒಣಗಿಸುವ ಯಂತ್ರವೊಂದಿದೆ. ಕುರ್ಚಿಯ ಮೇಲೆ ದೊಡ್ಡ ಬೋಗುಣಿಯನ್ನು ಬೋರಲು ಹಾಕಿದ ಹಾಗೆ ನಿಂತಿರುತ್ತದೆ. ಗಿರಾಕಿ ಕೆಳಗೆ ಕೂತರೆ ಬೋಗುಣಿಯನ್ನು ತಲೆಯ ಮೇಲೆ ಇಳಿಸಿ ಗುಂಡಿ ಒತ್ತುವುದು. ಒಳಗಿಂದ ಬಿಸಿಗಾಳಿ ಭರ್ರನೆ ಸುತ್ತುತ್ತದೆ. ಒದ್ದೆ ತಲೆ ಒಣಗುವುದಾದರೆ ಒದ್ದೆ ಕಾಳು ಒಣಗುವುದಿಲ್ಲವೇ? ಗೋದಾಮಿನ ಅನುಭವ ಎಂದರೆ ಇದು!

ದಿಂಬಿನ ಕವರಿನ ತುಂಬ ಕಾಳು ತುಂಬಿ ಕುರ್ಚಿಯ ಮೇಲೆ ಕೂರಿಸಿದೆ. ಅದು ಪಕ್ಕಕ್ಕೆ ವಾಲಿತು. ವಾಲದಿರಲೆಂದು ಗಿರಾಕಿಗಳಿಗೆ ಹೊದಿಸುವ ಗುಲಾಬಿ ಬಟ್ಟೆಯನ್ನು ಸುತ್ತಿ ಹಿಂದೆ ಗಂಟು ಹಾಕಿದೆ. ಕವರಿನ ಬಾಯಿಯನ್ನು ಅಗಲವಾಗಿ ತೆರೆದು, ಬೋಗುಣಿ ಇಳಿಸಿ, ಗಾಳಿಯನ್ನು ಜೋರಿನಲ್ಲೇ ಇಟ್ಟೆ. ನೋಡಿದವರು ಯಾರೋ ಸ್ಥೂಲಕಾಯದ ಹೆಂಗಸು ನಿದ್ದೆ ಹೋಗಿದ್ದಾಳೆ ಎನ್ನಬೇಕು! ದಿವಾನರು ಬಂದು ಅವಳ ಎದುರು ಮುಂಗಾಲು ಜೋಡಿಸಿ ಕೂತರು. ನನ್ನ ಕಡೆಗೂ ಅವರು ಅಷ್ಟು ಭಕ್ತಿಯಿಂದ ಎಂದೂ ನೋಡಿರಲಿಲ್ಲ.

ಬಿಸಿ ತಾಗಿದಂತೆ ಕಾಳಿನ ಜಿಡ್ಡು ಕರಗಿ ವಾಸನೆ ಎದ್ದಿತು. ಮೀನು, ಮಾಂಸ, ಇನ್ನೂ ಏನೇನೋ. ಕಾಳಿನ ಪುಡಿ ಕಂದು ಹೊಗೆಯಂತೆ ಎದ್ದು ಬೋಗುಣಿಯ ಒಳಮೈಗೆಲ್ಲ ಮೆತ್ತಿಕೊಂಡಿತು. ನಾನು ಪಕ್ಕದಲ್ಲೇ ನಿಂತು ಕೈಯಾಡಿಸುತ್ತ, ಒಂದು ಕಂತು ತೆಗೆದು ಮತ್ತೊಂದು ಕಂತು ತುಂಬುತ್ತ ಇದ್ದೆ. ಕಾಳು ಗಲಗಲ ಎನ್ನತೊಡಗಿತ್ತು! ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಗೇಟಿನ ಸದ್ದು, ಹಿಂದೆಯೇ ದೊಡ್ಡ ಮೇಡಂ ಅವರ ಗಂಟಲು. ಸ್ಥೂಲಕಾಯದ ಹೆಂಗಸನ್ನೂ ಬೆಡ್‌ಶೀಟಿನ ಗಂಟನ್ನೂ ಎತ್ತಿ ಟವೆಲ್ಲಿನ ಕಪಾಟಿಗೆ ತುರುಕಿದೆ. ಕೈಗೆ ಸಿಕ್ಕ ಸೆಂಟನ್ನೆಲ್ಲ ಗಾಳಿಗೆ ಚಿಮ್ಮಿಸಿದೆ.

ಹೆಂಡತಿ ಬಾಗಿಲಲ್ಲೇ ಮೂಗು ಅರಳಿಸಿದಳು. “ಏನ್ರೀ ಇದು ವಾಸನೆ?”

“ಬೀದಿ ಕಡೆಯಿಂದ ಇರ್ಬೇಕು. ಕಿಟಕಿ ಹಾಕ್ಲಾ?”

ಅವಳಿಗೆ ವಿಚಾರಣೆಗೆ ಪುರುಸೊತ್ತಿರಲಿಲ್ಲ. ಮೇಡಂ ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರ ತಲೆ ತೊಳೆದು, ಬೆಳ್ಳಿಯಂಥ ಕೂದಲಿಗೆ ಸುರುಳಿ ಸುತ್ತಿ, ಬೋಗುಣಿಯ ಕೆಳಗೆ ಕೂರಿಸಿ ಗುಂಡಿ ಒತ್ತಿದಳು. ಬಿಸಿಗಾಳಿ ಭರ್ರೆಂದಿತು. ಬೋಗುಣಿಯ ಒಳಗೆ ಮೆತ್ತಿದ್ದ ಪುಡಿಯೆಲ್ಲ ಆ ಒದ್ದೆ ಕೂದಲಿನ ಮೇಲೆ ಹದವಾಗಿ ಇಳಿಯುತ್ತಿರುವುದು ಇಡೀ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ನಾನು, ಇನ್ನೊಬ್ಬರು ದಿವಾನರು. ದಿವಾನರು ಹೋಗಿ ಮೇಡಂ ಅವರ ಕುರ್ಚಿಯ ಕೈಗೆ ಮುಂಗಾಲು ಹಚ್ಚಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು.

ಎಂಥ ಶಿಸ್ತಿನ ನಾಯಿ ಎಂದು ಮೇಡಂ ಮೆಚ್ಚಿದರು. ಹೆಂಡತಿ ನಾಯಿಯನ್ನು ನೋಡಿದಳು. ಬಟ್ಟಲು ಹಿಡಿಯದವರ ಹತ್ತಿರ ದಿವಾನರು ಸುಳಿಯುವವರಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆಮೇಲೆ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅಂಗಿ ಕೊಡವಿಕೊಂಡೆ.

ಸುರುಳಿ ಬಿಚ್ಚಿದರೆ ಕೂದಲು ಅಲೆಅಲೆಯಾಗಿ, ಅದ್ಭುತವಾಗಿ ನಿಂತಿತ್ತು. ಜಿಡ್ಡಿನ ಮಹಿಮೆ! ಮೇಡಂ ಕನ್ನಡಿಯಲ್ಲಿ ಎಡಬಲ ತಿರುಗಿ ನೋಡಿಕೊಂಡು, ನಡೆದೇ ಹೋಗುತ್ತೇನೆ ಎಂದು ಹೊರಟರು. ಬಟ್ಟೆ ಬದಲಿಸಿ ಬರುತ್ತೇನೆಂದು ಹೆಂಡತಿ ಒಳಗೆ ಹೋದಳು. ಅಷ್ಟರಲ್ಲಿ ದಿವಾನರು ಗೇಟು ದಾಟಿ ಮೇಡಂ ಅವರ ಹಿಂದೆ ನಡೆದಾಗಿತ್ತು.

ನಾನು ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಮೊದಲ ತಿರುವಿನಲ್ಲಿ ದಿವಾನರ ಹಿಂದೆ ಬೀದಿಯ ಕಂದು ನಾಯಿ ಸೇರಿತ್ತು. ಬೇಕರಿಯ ಹತ್ತಿರ ಇನ್ನೆರಡು. ಔಷಧಿ ಅಂಗಡಿಯ ಮೆಟ್ಟಿಲಿಳಿದು ಕುಂಟುತ್ತ ಒಂದು ಮುದಿ ನಾಯಿಯೂ ಬಂತು. ಎಲ್ಲವೂ ಮೂಗು ಮೇಲೆತ್ತಿ, ಗದ್ದಲವಿಲ್ಲದೆ, ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿವೆ! ಮುಂದೆ ತಲೆಯೆತ್ತಿ ನಡೆಯುತ್ತಿರುವ ಮೇಡಂ ಅವರಿಗೆ ಯಾವುದರ ಪರಿವೆಯೂ ಇಲ್ಲ. ಅವರು ಹಿಂದೆ ತಿರುಗಿ ನೋಡುವ ಜಾಯಮಾನದವರೇ ಅಲ್ಲ. ನಾನು ‘ದಿವಾನರೇ, ದಿವಾನರೇ’ ಎಂದು ಪಿಸುದನಿಯಲ್ಲಿ ಕರೆಯುತ್ತ ಮೆರವಣಿಗೆಯ ಕೊನೆಯಲ್ಲಿ ಓಡಿದೆ. ಶಾಲೆಯ ಮಕ್ಕಳು ಗೇಟಿನಲ್ಲಿ ಚಪ್ಪಾಳೆ ತಟ್ಟಿದರು.

ಸಭಾಂಗಣದ ಬಾಗಿಲಲ್ಲಿ ಜವಾನರು ಮಿಕ್ಕ ನಾಯಿಗಳನ್ನು ತಡೆದರು. ಕೊರಳಲ್ಲಿ ಪಟ್ಟಿಯಿದ್ದ ದಿವಾನರನ್ನು ಮೇಡಂ ಅವರದೇ ನಾಯಿ ಎಂದುಕೊಂಡು ಬಿಟ್ಟರು. ನಾನು ಒಳಗೆ ತಲುಪುವಷ್ಟರಲ್ಲಿ ಮೇಡಂ ಮೈಕಿನ ಮುಂದೆ ನಿಂತು ಮಾತು ಶುರು ಮಾಡಿದ್ದರು. ದಿವಾನರು ವೇದಿಕೆ ಹತ್ತಿ, ಖಾಲಿ ಕುರ್ಚಿಯೊಂದನ್ನು ಏರಿ, ಮುಂಗಾಲನ್ನು ಅವರ ಹೆಗಲ ಮೇಲಿಟ್ಟು, ಕಿವಿಯ ಮೇಲಿನ ಅಲೆಯೊಂದನ್ನು ಪ್ರೀತಿಯಿಂದ ನೆಕ್ಕಿದರು.

ನಾನು ವೇದಿಕೆಗೆ ಹಾರಿ ದಿವಾನರ ಕೊರಳಪಟ್ಟಿ ಹಿಡಿದು ಎಳೆದೆ. ಅವರು ಜಗ್ಗಲಿಲ್ಲ. ಮೇಡಂ ನಿಧಾನವಾಗಿ ತಿರುಗಿದರು. ನೆಕ್ಕಿಸಿಕೊಂಡ ಕೂದಲನ್ನು ಮುಂದಕ್ಕೆಳೆದು ಮೂಸಿದರು. ಆಮೇಲೆ ಮೈಕಿನ ಮುಂದೆಯೇ ಕೇಳಿದರು.

“ನೀನು ನಮ್ಮ ಹುಡುಗಿ ಗಂಡ ಅಲ್ವೇನಪ್ಪಾ? ಏನು ಹಾಕಿದ್ದೀರಿ ನನ್ನ ತಲೆಗೆ?”

ಸುಳ್ಳು ಹೇಳಬಹುದಿತ್ತು. ಆದರೆ ಆ ಕಣ್ಣುಗಳ ಮುಂದೆ ಊರಿನ ಯಾವ ಗಂಡಸೂ ಸುಳ್ಳು ಹೇಳಿದ್ದಿಲ್ಲ. ಕೈ ತಾನಾಗಿ ಕಟ್ಟಿಕೊಂಡಿತು. ಡ್ರಮ್ಮು, ಮೆತ್ತಗಾದ ಕಾಳು, ಕಾಗೆ, ದಿಂಬಿನ ಕವರು, ಬೋಗುಣಿ, ಒಂದೂ ಬಿಡದೆ ಒಪ್ಪಿಸಿದೆ. ಮೈಕು ಎಲ್ಲವನ್ನೂ ಹಿಂದಿನ ಬೆಂಚಿನವರೆಗೆ ಮುಟ್ಟಿಸಿತು. ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೂ ಮುಟ್ಟಿಸಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಯಾಕೆ ಹೀಗೆ ಮಾಡಿದೆ?” ಎಂದರು ಮೇಡಂ.

“ಬೂಷ್ಟು ಬಂದ್ರೆ ಬಟ್ಟಲು ಅವಳಿಗೆ ಹೋಗುತ್ತೆ ಮೇಡಂ. ಬಟ್ಟಲು ಹೋದ್ರೆ ಇವರು ನನ್ನ ಹತ್ರ ಬರಲ್ಲ.”

ಮೊದಲು ನಕ್ಕವರು ಮೇಡಂ. ಅವರು ನಕ್ಕಿದ್ದನ್ನು ನೋಡಿ ಕಕ್ಕಾಬಿಕ್ಕಿಯಾದ ಸಭೆ, ನಗಲು ಅನುಮತಿಯಿದೆ ಎಂದು ಖಾತ್ರಿಯಾದ ಮೇಲೆ ಬಿದ್ದು ಬಿದ್ದು ನಕ್ಕಿತು. ಕಣ್ಣೊರೆಸಿಕೊಂಡು ಮೇಡಂ ಮಕ್ಕಳ ಕಡೆ ತಿರುಗಿದರು.

“ಇಷ್ಟು ವರ್ಷ ನನ್ನ ಹಿಂದೆ ನೀವೆಲ್ಲ ಹೆದರಿಕೊಂಡು ಬರ್ತಿದ್ರಿ. ಇಷ್ಟಪಟ್ಟು ಬಂದವನು ಇವನೊಬ್ಬನೇ. ಇವನು ಇಲ್ಲೇ ಇರ್ಲಿ.”

ದಿವಾನರು ಕಾರ್ಯಕ್ರಮ ಮುಗಿಯುವವರೆಗೆ ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಕೂತಿದ್ದರು. ಗುಂಪಿನ ಫೋಟೋದ ಮಧ್ಯದಲ್ಲೂ ಅವರೇ ಇದ್ದಾರೆ. ಮೂಲೆಯಲ್ಲಿ ಅರ್ಧ ಕಿವಿ ಕಾಣುತ್ತದಲ್ಲ, ಅದು ನನ್ನದು.

ಮನೆಗೆ ಬಂದ ಮೇಲೆ ಹೆಂಡತಿ ಬೈಯಲಿಲ್ಲ. ಅದೇ ಹೆದರಿಕೆ. ನೆಟ್ಟಗೆ ಹೋಗಿ ಡ್ರಮ್ಮನ್ನು ಬಗ್ಗಿಸಿ ತಳದ ಕಾಳನ್ನು ಕಾಗದದ ಮೇಲೆ ಸುರಿದಳು. ಹಸಿರು! ತಳದ ಬೆಸುಗೆಯಲ್ಲಿ ನಾನು ತೊಳೆದ ನೀರು ಉಳಿದಿದ್ದ ಜಾಗದಿಂದ ಹಿಡಿದು ಒಂದು ಗೇಣಿನವರೆಗೆ ಹುಲ್ಲುಗಾವಲು. ಬೋಗುಣಿಯಲ್ಲಿ ಒಣಗಿಸಿದ ಕಾಳೂ ಅದೇ ಡ್ರಮ್ಮಿನದು ತಾನೇ ಎಂದು ಕೇಳಿದಳು. ಹೌದು ಎಂದೆ. ಎರಡನ್ನೂ ಕಟ್ಟಿ ಕಸಕ್ಕೆ ಹಾಕಿ ಬಂದಳು. ನಾನು ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಒಪ್ಪಿಸಿದೆ.

ಆಮೇಲೆ ಅವಳು ಮಾಡಿದ್ದು ನೋಡಿ. ಅಂಗಡಿಯಿಂದ ಚಿಕ್ಕ ಚೀಲ ತಂದಳು. ಎಲ್ಲಿಗೂ ಸುರಿಯಲಿಲ್ಲ. ಬೇಕಾದಷ್ಟು ತೆಗೆದು, ಚೀಲದ ಬಾಯನ್ನು ಒತ್ತಿ ಗಾಳಿ ಹೊರಡಿಸಿ ಸುರುಳಿ ಸುತ್ತಿ, ತಲೆಗೆ ಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿದಳು. ಚೀಲವನ್ನು ಹಾಗೇ ಒಣ ಡಬ್ಬಿಯೊಳಗಿಟ್ಟು, ಪಾರ್ಲರಿನಿಂದ ದೂರ, ಒಳಕೋಣೆಯ ತಣ್ಣನೆಯ ಮೂಲೆಯಲ್ಲಿಟ್ಟಳು. ಕೈ ಒರೆಸಿಕೊಂಡಳು. ಮುಗಿಯಿತು! ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅವತ್ತು ಡಾಕ್ಟರು ಹೇಳಿದಾಗ ನೀವೂ ಅಲ್ಲೇ ನಿಂತಿದ್ದಿರಲ್ಲ ಎಂದಳು.

ಸೋಫಾದ ತುದಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತೆ. ಹೊಸ ಚೀಲದ ಕಾಳು ತಿಂದು ಮುಗಿಸಿದ ದಿವಾನರು ನಾಲಗೆ ಚಪ್ಪರಿಸುತ್ತ ಬಂದರು. ಹೆಂಡತಿಯನ್ನು ದಾಟಿದರು! ನೇರವಾಗಿ ನನ್ನ ಬಳಿ ಬಂದು, ತೊಡೆಯ ಮೇಲೆ ತಲೆಯಿಟ್ಟು, ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ನಿಟ್ಟುಸಿರು ಬಿಟ್ಟರು. ಬಟ್ಟಲಿಲ್ಲ, ಕಾಳಿಲ್ಲ, ಬರೀ ನಾನು! ನನ್ನ ಕಣ್ಣು ತುಂಬಿ ಬಂತು.

“ನೋಡು,” ಎಂದೆ. “ಬಟ್ಟಲು ನಿಂಗಿರ್ಲಿ. ಪ್ರೀತಿ ಅಂದ್ರೆ ಇದು.”

ಅವಳು ಹತ್ತಿರ ಬಂದು ಬಗ್ಗಿ ಒಮ್ಮೆ ಮೂಸಿದಳು.

“ಅಂಗಿ ಬಿಚ್ಚಿ.”

“ಯಾಕೆ?”

“ಬಿಚ್ಚಿ, ಗೊತ್ತಾಗುತ್ತೆ.”

ಬಿಚ್ಚಿ ಕೊಟ್ಟೆ. ಬೋಗುಣಿಯ ಪಕ್ಕ ಅಷ್ಟು ಹೊತ್ತು ನಿಂತು ಕಾಳಿನ ಪುಡಿಯೆಲ್ಲ ಕುಡಿದಿದ್ದ ಅಂಗಿ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಹೋಗಿ ಎದುರಿನ ಸ್ಟೂಲಿನ ಮೇಲೆ ಹಾಕಿದಳು. ದಿವಾನರು ತಲೆ ಎತ್ತಿದರು. ಬರೀ ಬನಿಯನ್ನಿನಲ್ಲಿದ್ದ ನನ್ನನ್ನು ಒಮ್ಮೆ ನೋಡಿದರು. ಎದ್ದು ಹೋಗಿ ಅಂಗಿಯ ತೋಳಿನ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿದರು.

ಈಗ ನಾನು ದಿನಾ ಸಂಜೆ ಗೋದಾಮಿನಿಂದ ಬಂದು, ಮುಖ ತೊಳೆದು, ಆ ಅಂಗಿಯನ್ನೇ ಹಾಕಿಕೊಂಡು ಸೋಫಾದ ಮೇಲೆ ಕೂರುತ್ತೇನೆ. ಒಗೆಯಲು ಕೊಟ್ಟಿಲ್ಲ. ವಾಸನೆ ಹೋಗದಿರಲೆಂದು ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಪಾಟಿನಲ್ಲಿಡುತ್ತೇನೆ. ದಿವಾನರು ಬರುತ್ತಾರೆ, ತೊಡೆಯ ಮೇಲೆ ತಲೆ ಇಡುತ್ತಾರೆ, ನಾನು ಅಲುಗದೆ ಕೂರುತ್ತೇನೆ. ಮೊನ್ನೆಯೂ ಹಾಗೆ ಕೂತಿದ್ದಾಗ ಹೆಂಡತಿ ಹಿಂದಿನಿಂದ ಬಂದು ನನ್ನ ಕಾಲರನ್ನು ಎತ್ತಿ ನೋಡಿದಳು.

“ಗೋದಾಮಿನವರೇ,” ಎಂದಳು, “ಕಾಲರಿಗೆ ಬೂಷ್ಟು ಬಂದಿದೆ.”